ಸಮ್ಮತಿ ಪತ್ರ ಕನ್ನಡದಲ್ಲಿರಲಿ, ಹಿಂದಿನ ದಿನವೇ ಕೈಸೇರಲಿ

ಮಾನ್ಯ ಸಂಪಾದಕರೆ,

ಕಳೆದ ವರ್ಷ ನನ್ನ ತಂಗಿಗೆ ಮಂಡ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆ ನಡೆಯಿತು. ಥಿಯೇಟರಿಗೆ ಕರೆದೊಯ್ಯುವ ಕಾಲು ಗಂಟೆ ಮೊದಲು ಇಂಗ್ಲಿಷಿನಲ್ಲಿ ಅಚ್ಚಾದ ಸಮ್ಮತಿ ಪತ್ರವನ್ನು ತಂದ ಸಿಬ್ಬಂದಿ, ಎಚ್ಚರವಾಗಿ ಹಾಸಿಗೆಯ ಮೇಲೆ ಕುಳಿತಿದ್ದ ಅವಳನ್ನು ಕೇಳದೆ, ಹೊರಗೆ ನಿಂತಿದ್ದ ಗಂಡನಿಂದ ಸಹಿ ಹಾಕಿಸಿಕೊಂಡರು. ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆಂಬುದು ಅವಳಿಗೆ ತಿಳಿದದ್ದು ಮೂರು ತಿಂಗಳ ನಂತರ. ಮೈ ಬಿಸಿಯೇರುವುದನ್ನೂ ನಿದ್ದೆಗೇಡನ್ನೂ ತಾಳಲಾರದೆ ಮೈಸೂರಿನ ಬೇರೊಬ್ಬ ವೈದ್ಯೆಯ ಬಳಿ ಹೋದಾಗ ಅವರು ಡಿಸ್ಚಾರ್ಜ್ ಚೀಟಿ ಓದಿ ಹೇಳಿದರು. ತೆಗೆಯಲು ಸರಿಯಾದ ಕಾರಣವೇ ಇದ್ದಿರಬಹುದು. ಆದರೆ ನಲವತ್ತೆರಡರ ಹೆಂಗಸಿಗೆ ಅಂಡಾಶಯ ಹೋದರೆ ಮುಟ್ಟು ನಿಂತಾಗಿನ ತೊಂದರೆಗಳು ಒಮ್ಮೆಲೇ ಬರುತ್ತವೆ, ಮೂಳೆ ಸವೆಯುವ ಅಪಾಯ ಹೆಚ್ಚುತ್ತದೆ ಎಂದು ಮೊದಲೇ ಅವಳಿಗೆ ಹೇಳಿದವರಿಲ್ಲ.

ಇಂಥದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟ ತೀರ್ಪು ನೀಡಿದೆ. ತಪಾಸಣೆಗೆಂದು ಒಪ್ಪಿ ಬಂದಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದ ಹೊರತು, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ಬೇರೆಯವರು ಒಪ್ಪಿಗೆ ಕೊಡುವಂತಿಲ್ಲವೆಂದೂ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಮುಖ್ಯ ಅಪಾಯಗಳು, ಬೇರೆ ದಾರಿಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದೂ ನ್ಯಾಯಾಲಯ ಹೇಳಿತು. ಓದಲು ಬಾರದ ಭಾಷೆಯ ಹಾಳೆಗೆ ಹಾಕಿಸಿದ ಸಹಿಯಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ.

ಯಾವ ತಳಿಯ ಭತ್ತ ಹಾಕಬೇಕೆಂದು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದವರೆಗೂ ಹೋಗಿ ವಿಚಾರಿಸುವ ನಮ್ಮ ಜನ, ವೈದ್ಯರ ಮುಂದೆ ಮಾತ್ರ ‘ನೀವೆಂಗೆ ಹೇಳ್ತೀರೋ ಅಂಗೆ ಸಾ’ ಎಂದು ಸುಮ್ಮನಾಗುತ್ತಾರೆ. ಅದು ವಿಶ್ವಾಸ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ವೈದ್ಯರಿಗೆ ವ್ಯವಧಾನ ಸಿಗುವುದೂ ಕಷ್ಟವೇ. ಆದರೂ ಈ ಗಡ್ಡೆಗೆ ಮಾತ್ರೆ ಸಾಕಾಗುವುದೇ, ಸ್ವಲ್ಪ ಕಾಲ ಕಾದು ನೋಡಬಹುದೇ, ಏನೇನು ತೆಗೆಯುತ್ತೀರಿ ಎಂದು ಕೇಳುವುದು ಅವಿಶ್ವಾಸವಲ್ಲವೆಂದು ರೋಗಿಗೆ ಧೈರ್ಯ ಹೇಳಬೇಕಾದವರು ಆಸ್ಪತ್ರೆಯವರೇ. ಕೇಳಿದ 72 ಗಂಟೆಗಳೊಳಗೆ ರೋಗಿಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂಬ ನಿಯಮ 2002ರಿಂದಲೂ ವೈದ್ಯರ ನೀತಿ ಸಂಹಿತೆಯಲ್ಲಿದೆ. ಅದನ್ನು ತಿಳಿದ ರೋಗಿಗಳು ನಮ್ಮ ಊರಿನಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.

ಖಾಸಗಿ ಆಸ್ಪತ್ರೆಗಳ ನೋಂದಣಿಯ ಹೊಣೆ ಹೊತ್ತಿರುವ ಜಿಲ್ಲಾಡಳಿತವು, ತುರ್ತಲ್ಲದ ಪ್ರತಿಯೊಂದು ಶಸ್ತ್ರಚಿಕಿತ್ಸೆಯ ಸಮ್ಮತಿ ಪತ್ರವನ್ನೂ ಸರಳ ಕನ್ನಡದಲ್ಲಿ ಹಿಂದಿನ ದಿನವೇ ರೋಗಿಯ ಕೈಗೆ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ, ರೋಗಿಯಿಂದಲೇ ಸಹಿ ಅಥವಾ ಹೆಬ್ಬೆಟ್ಟು ಪಡೆಯುವಂತೆ ಎಲ್ಲ ಆಸ್ಪತ್ರೆಗಳಿಗೂ ಲಿಖಿತ ಸೂಚನೆ ನೀಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಮಂಡ್ಯ