ಪುಣೆ ಬಿಡುವ ಮೊದಲು

ಟ್ರಂಕು ಕಟ್ಟಿ ಆಯಿತು. ನಾಡಿದ್ದು ಧಾರವಾಡಕ್ಕೆ ಹೊರಡುತ್ತೇವೆ. ಎರಡು ವರ್ಷದ ಸೇವೆ ಮುಗಿಯಿತು. ಇವರ ಆರೋಗ್ಯವೂ ಈಗ ಚೆನ್ನಾಗಿದೆ, ನಿನ್ನೆ ಒಬ್ಬರೇ ಚಂದನನಗರದ ಮಾರ್ಕೆಟ್‌ವರೆಗೆ ನಡೆದು ಹೋಗಿ ಎರಡು ಕಟ್ಟು ಮೆಂತ್ಯ ತಂದರು. ಜನವರಿಯಲ್ಲಿ ಇವರು ಐಸಿಯುನಲ್ಲಿದ್ದಾಗ ಏನೇನಾಯಿತು ಅಂತ ನಿಮಗೆಲ್ಲ ಗೊತ್ತಿದೆ, ದಿನಾ ಫೋನ್ ಮಾಡಿ ಕೇಳಿದವರೇ ನೀವು, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ರೈಲು ಹತ್ತಿದರೆ ನನಗೆ ನಿದ್ದೆ ಬರಲ್ಲ.

ಮದುವೆಯಾಗಿ 36 ವರ್ಷ. ಇವರು ಹೈಸ್ಕೂಲಿನಲ್ಲಿ ಗಣಿತ, ನಾನು ಪ್ರೈಮರಿ. ಮಕ್ಕಳು, ಅತ್ತೆ ಮಾವ, ಟ್ಯೂಷನ್ನು, ಇದರ ಮಧ್ಯೆ ನಾವಿಬ್ಬರೇ ಹಗಲು ಹೊತ್ತು ಒಂದು ಕಡೆ ಕೂತದ್ದು ಎಷ್ಟು ದಿನವೋ. ರಿಟೈರ್ ಆದ ಮೇಲೆ ನಮ್ಮ ಚರ್ಚಿನ ಸಭೆಯವರು ಕೇಳಿದರು, ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕನ್ನಡದ ಮಂದಿ ಬಹಳ ಇದ್ದಾರೆ, ಗಂಡ ಹೆಂಡತಿ ಇಬ್ಬರೂ ಹೋಗಿ ಎರಡು ವರ್ಷ ಇರುತ್ತೀರಾ ಅಂತ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಹೂಂ ಅಂದೆವು.

ಇಲ್ಲಿ ಒಂದೇ ರೂಮು, ಒಂದು ಗ್ಯಾಸು, ಒಂದು ನಲ್ಲಿ. ನೀರು ಬೆಳಿಗ್ಗೆ ಆರಕ್ಕೆ ಬಂದು ಏಳೂಕಾಲಿಗೆ ನಿಂತುಬಿಡುತ್ತದೆ. ಅದಕ್ಕೆ ಮೊದಲೇ, ಐದೂವರೆಗೆ, ಚಾಪೆ ಮೇಲೆ ಎದುರುಬದುರು ಕೂತು ಒಂದು ಅಧ್ಯಾಯ ಓದಿ ಪ್ರಾರ್ಥನೆ. ಇವರಿಗೆ ಪ್ರಾರ್ಥನೆಗೆ ಮುಂಚೆ ಚಹಾ ಬೇಕು, ನನಗೆ ಆಮೇಲೆ. ಮೊದಲ ತಿಂಗಳು ಇದಕ್ಕೇ ಎಷ್ಟು ಮುನಿಸು! ಕೊನೆಗೆ ಅರ್ಧ ಕಪ್ಪು ಮೊದಲು, ಅರ್ಧ ಕಪ್ಪು ಆಮೇಲೆ ಅಂತಾಯಿತು, ಇಬ್ಬರಿಗೂ. ಇವತ್ತಿಗೂ ಹಾಗೇ ನಡೆದಿದೆ. ಇವರು ಕೊಡ ತುಂಬುವುದು, ನಾನು ರೊಟ್ಟಿ ಬಡಿಯುವುದು. ಇಷ್ಟು ವರ್ಷ ಇವರು ಸಣ್ಣ ದನಿಯಲ್ಲಿ ಹಾಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ, ಕೊಡ ತುಂಬುವಾಗ ಹಾಡುತ್ತಾರೆ.

ಹತ್ತು ಗಂಟೆಗೆ ಖರಾಡಿ ಕಡೆಯ ಕೂಲಿಯವರ ತಗಡಿನ ಶೆಡ್ಡುಗಳಿಗೆ ಹೋಗುತ್ತಿದ್ದೆವು. ಯಾದಗಿರಿ, ಕಲಬುರಗಿ, ವಿಜಯಪುರದವರೇ ಜಾಸ್ತಿ. ಒಬ್ಬರಿಗೆ ಬ್ಯಾಂಕ್ ಖಾತೆ, ಇನ್ನೊಬ್ಬರಿಗೆ ಆಧಾರ್‌ನಲ್ಲಿ ಹೆಸರು ತಿದ್ದುವುದು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬೇಕು ಅಂದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟ್ ಬೇಕು. ಸೈಟಿಂದ ಸೈಟಿಗೆ ಅಲೆಯುವವರಿಗೆ ಅದನ್ನು ಯಾರು ಬರೆದು ಕೊಡಬೇಕು? ಇವರು ಮುಕಾದಮರ, ಅಂದರೆ ಕೂಲಿಯವರನ್ನು ಕೆಲಸಕ್ಕೆ ಕರೆಯುವ ಮೇಸ್ತ್ರಿಗಳ, ಹಿಂದೆ ಬಿದ್ದು ಸಹಿ ಹಾಕಿಸಿದ ಕಾಗದಗಳನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ಇಡುತ್ತಿದ್ದೆ. ಸಂಜೆ ಹುಡುಗರಿಗೆ ಕನ್ನಡ ಅಕ್ಷರ ಮತ್ತು ಮಗ್ಗಿ. ಭಾನುವಾರ ನಾಲ್ಕು ಗಂಟೆಗೆ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಆರಾಧನೆ.

ಆ ಹೊತ್ತಿಗೆ ಪ್ರತಿ ವಾರ ಹಾಲ್ ಬಿಟ್ಟುಕೊಟ್ಟ ಮರಾಠಿ ಸಭೆಯವರು, ರಾತ್ರೋರಾತ್ರಿ ರಕ್ತ ಕೊಟ್ಟ ನಾಲ್ಕು ಹುಡುಗರು, ಸ್ಕೂಟರ್ ಬೀಗದಕೈ ನಮ್ಮ ಮನೆಯಲ್ಲೇ ಇಟ್ಟು ಹೋದ ಮೇಲಿನ ಮನೆಯವರು, ನಮ್ಮ ಸಭೆಯ ಪಾಸ್ಟರ್ ಅಯ್ಯನವರು, ಊರಿನ ಸ್ತ್ರೀಯರ ಸಂಘದ ಎಲ್ಲ ಅಕ್ಕಂದಿರು, ಆಫೀಸಿಗೆ ರಜೆ ಹಾಕಿ ಓಡಿ ಬಂದ ನಮ್ಮ ಮಕ್ಕಳು ಸೊಸೆಯಂದಿರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಆದರೆ ಮಕ್ಕಳು ಬಂದು ಮುಟ್ಟಿದ್ದು ಮರುದಿನ ಬೆಳಿಗ್ಗೆ. ಆ ರಾತ್ರಿ ನನ್ನ ಜೊತೆ ಇದ್ದದ್ದು ಒಬ್ಬಳೇ.

ಆಕೆಯ ಹೆಸರು ಬರೆಯುವುದಿಲ್ಲ, ಬ್ಯಾಡ್ರಿ ಅಂದಿದ್ದಾಳೆ. ಯಾದಗಿರಿ ಕಡೆಯವಳು, ಗಾರೆ ಕೆಲಸ, ತಲೆ ಮೇಲೆ ಪುಟ್ಟಿ ಹೊರುತ್ತಾಳೆ. ನಮ್ಮ ಸಭೆಯವಳಲ್ಲ. ಒಂದು ದಿನವೂ ಆರಾಧನೆಗೆ ಬಂದವಳಲ್ಲ. ಶೆಡ್ಡಿನೊಳಗೆ ಯಲ್ಲಮ್ಮನ ಫೋಟೋ ಇದೆ, ಮಂಗಳವಾರ, ಶುಕ್ರವಾರ ಅದಕ್ಕೆ ಊದಿನಕಡ್ಡಿ ಹಚ್ಚುತ್ತಾಳೆ. ಮಗನನ್ನು ಮಾತ್ರ ನಮ್ಮ ಹತ್ತಿರ ಅಕ್ಷರಕ್ಕೆ ಕಳಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಒಬ್ಬರಿಗೇ ಪರವಾನಗಿ. ವಾಚ್‌ಮನ್‌ಗೆ ಅದೇನು ಹೇಳಿದಳೋ, ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಕಾಲುಂಗುರದ ಸುತ್ತ ಇನ್ನೂ ಸಿಮೆಂಟು ಒಣಗಿತ್ತು. ಬಟ್ಟೆಯಲ್ಲಿ ಸುತ್ತಿದ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ. ನನಗೆ ಬೇಡ ಅಂದೆ. ಸುಮ್ನೆ ರೊಟ್ಟಿ ಮುರಿದು ಮುರಿದು ನನ್ನ ಅಂಗೈಯಲ್ಲಿ ಇಡುತ್ತಾ ಹೋದಳು. ಧೈರ್ಯ ತಗೋಳ್ರಿ ಅಂತ ಒಂದು ಸಲವೂ ಹೇಳಲಿಲ್ಲ. ಆಡಿನ ಸುದ್ದಿ ತೆಗೆದಳು. ಊರಲ್ಲಿ ನಾಲ್ಕು ಆಡು ಬಿಟ್ಟು ಬಂದಿದ್ದಾಳೆ, ಒಂದಕ್ಕೆ ಕಿವಿ ಮೇಲೆ ಬಿಳಿ ಮಚ್ಚೆ, ಇನ್ನೊಂದು ಯಾರ ಕೈಗೂ ಹಾಲು ಕೊಡುವುದಿಲ್ಲ, ಇವಳ ಅತ್ತೆಗೆ ಮಾತ್ರ. ತೊಗರಿಗೆ ಈ ಸಲ ಏನು ರೇಟು ಬಂತು, ಯಾರ ಹೊಲದಲ್ಲಿ ಹತ್ತಿ ಬಿಡಿಸಲು ಆಳು ಸಿಗಲಿಲ್ಲ. ನಾನು ಕೇಳಿದೆನೋ ಇಲ್ಲವೋ, ಹೇಳುತ್ತಲೇ ಇದ್ದಳು. ನಡುನಡುವೆ ನನ್ನ ಪಾದ ತನ್ನ ತೊಡೆ ಮೇಲೆ ಎಳೆದುಕೊಂಡು ತಿಕ್ಕುತ್ತಿದ್ದಳು. ಆ ಚಳಿಗೆ ಆಕೆಯ ಒರಟು ಕೈ ಎಷ್ಟು ಬೆಚ್ಚಗಿತ್ತು.

ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದು ಮಾತಾಡಿ ಹೋದರು. ಆಮೇಲೆ ನನಗೆ ಪ್ರಾರ್ಥನೆ ಬರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಹುಟ್ಟಿದಾಗಿನಿಂದ ಕಲಿತ ಪ್ರಾರ್ಥನೆ, ಅಷ್ಟು ಮನೆಗಳಲ್ಲಿ ಅಷ್ಟು ಜನರ ತಲೆ ಮೇಲೆ ಕೈಯಿಟ್ಟು ಮಾಡಿದ ಪ್ರಾರ್ಥನೆ, ಒಂದು ಮಾತೂ ಬಾಯಿಗೆ ಬರಲಿಲ್ಲ. ದೇವರ ಮೇಲೆ ಸಿಟ್ಟು ಬಂದಿತ್ತು. ನಿನ್ನ ಕೆಲಸಕ್ಕೆ ಬಂದವರಿಗೆ ಹೀಗಾ ಮಾಡುವುದು, ಅಂತ. ಆಕೆಗೆ ಅಷ್ಟನ್ನೇ ಹೇಳಿದೆ, ನನಗೆ ಬರುತ್ತಿಲ್ಲವೇ ತಂಗಿ, ಅಂತ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಕ್ಕೋರೆ, ನಿಮ್ಮ ದೇವರಿಗಿ ಏನಂತ ಕರೀಬೇಕ್ರಿ?" ಅಂದಳು.

"ಯಪ್ಪಾ ಅಂದ್ರ ಸಾಕವ್ವ" ಅಂದೆ.

ಆಕೆ ಸೆರಗು ತಲೆ ಮೇಲೆ ಹೊದ್ದುಕೊಂಡು, ಐಸಿಯು ಬಾಗಿಲ ಕಡೆ ನೋಡಿ, ಪಕ್ಕದ ಮನೆಯವರನ್ನು ಕರೆದ ಹಾಗೆ ಹೇಳಿದಳು: "ಯಪ್ಪಾ, ನಮ್ಮ ಮಾಸ್ತರಿಗಿ ಇಲ್ಲೇ ಬಿಡು. ಹುಡುಗ್ರ ಮಗ್ಗಿ ಇನ್ನಾ ಹನ್ನೆರಡಕ್ಕ ಬಂದದ."

ಅಲ್ಲಿಯವರೆಗೆ ಹಿಡಿದಿಟ್ಟ ಅಳು ಆಗ ಬಂತು. ಆಕೆ ತಡೆಯಲಿಲ್ಲ. ಬೆಳಗಾಗುವವರೆಗೆ ಪಾದ ಬಿಡಲಿಲ್ಲ.

ಆ ದಿನ ಸೈಟಿನಲ್ಲಿ ಸ್ಲ್ಯಾಬ್ ಇತ್ತಂತೆ. ಸ್ಲ್ಯಾಬ್ ಹಾಕುವ ದಿನ ಕೂಲಿ ಜಾಸ್ತಿ, ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಆಕೆ ಎಂಟೂವರೆಗೆ ನಮ್ಮ ಮಕ್ಕಳು ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಎದ್ದದ್ದು. ಅಷ್ಟು ಹೊತ್ತಿಗೆ ಮುಕಾದಮ ಬೇರೆಯವರನ್ನು ಕರೆದಿದ್ದ. ಇದು ನನಗೆ ಗೊತ್ತಾದದ್ದು ಇಪ್ಪತ್ತು ದಿನದ ಮೇಲೆ, ಬೇರೆ ಹೆಂಗಸಿನಿಂದ. ದುಡ್ಡು ಕೊಡಲು ಹೋದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಏಪ್ರಿಲ್‌ನಲ್ಲಿ, ಇವರು ಓಡಾಡುವಂತಾದ ಮೇಲೆ, ಆಕೆಯನ್ನೂ ಮಗನನ್ನೂ ಕರೆದುಕೊಂಡು ದೌಂಡ್ ಕಡೆಯ ರೈಲಿನಲ್ಲಿ ಕೇಡಗಾಂವ್‌ಗೆ ಹೋಗಿದ್ದೆವು, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ನೋಡಲು. ನನಗೆ ಬಹಳ ವರ್ಷದ ಆಸೆ. 1858ರಲ್ಲಿ ನಮ್ಮ ಕರ್ನಾಟಕದ ಘಟ್ಟದ ಕಾಡಿನಲ್ಲಿ ಹುಟ್ಟಿದವರು, ಬರಗಾಲಕ್ಕೆ ಅಪ್ಪ ಅಮ್ಮನನ್ನು ಕಳೆದುಕೊಂಡವರು, ಮುಂದೆ 1896-97ರ ಬರದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಅಲ್ಲಿ ಸಾಕಿದರು. ಬೈಬಲ್ಲನ್ನು ಸರಳ ಮರಾಠಿಗೆ ತಂದರು. ಅವರಿಗೆ ಕನ್ನಡವೂ ಬರುತ್ತಿತ್ತು ಅಂತ ಹೇಳಿದಾಗ ಹುಡುಗ ಕೇಳಿದ, "ಒತ್ತಕ್ಷರ ಬರ್ತಿದ್ದವೇನ್ರಿ ಅವರಿಗಿ?" ಅವನಿಗೆ ಅದೇ ಕಷ್ಟ. ಶಾಲೆಯಲ್ಲಿ ಮರಾಠಿ, ಅಲ್ಲಿ ಮೊದಲನೆಯ ಅಕ್ಷರ ಅರ್ಧವಾಗುತ್ತದೆ. ನಮ್ಮಲ್ಲಿ ಎರಡನೆಯದು ಕೆಳಗೆ ಹೋಗಿ ಕೂರುತ್ತದೆ. ಎ ಮತ್ತು ಏ ಬೇರೆ ಬೇರೆ ಅನ್ನುವುದಕ್ಕೂ ಮೂರು ತಿಂಗಳು ಬೇಕಾಯಿತು.

ನಮ್ಮ ಮುತ್ತಜ್ಜಿ ಧಾರವಾಡದ ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವಳು. ಬಾಸೆಲ್ ಮಿಷನ್ನಿನವರು 1837ರಲ್ಲಿ ಆ ಊರಿಗೆ ಬಂದದ್ದರಿಂದ ನಮ್ಮ ಮನೆಗೆ ಓದು ಬಂತು. ಆ ಋಣ ತೀರಿಸಲು ಪುಣೆಗೆ ಬಂದೆ ಅಂದುಕೊಂಡಿದ್ದೆ. ಈಗ ಇನ್ನೊಂದು ಋಣ ಹೊತ್ತುಕೊಂಡು ಹೋಗುತ್ತಿದ್ದೇನೆ.

ಆಕೆಗೆ ಓದಲು ಬರುವುದಿಲ್ಲ. ಮುಂದಿನ ವಾರ ಬಿತ್ತನೆಗೆ ಊರಿಗೆ ಹೋಗುತ್ತಾಳೆ. ಅದಕ್ಕೆ ಮೊದಲು ಈ ಬರಹವನ್ನು ಮಗನೇ ಓದಿ ಹೇಳಬೇಕು ಅಂತ ನಾನೂ ಅವನೂ ಮಾತಾಡಿಕೊಂಡಿದ್ದೇವೆ.

ಪುಟ್ಟಾ, ಅವಸರ ಮಾಡಬೇಡ. ಒತ್ತಕ್ಷರ ಬಂದಲ್ಲಿ ನಿಲ್ಲು, ಬೆರಳಿಟ್ಟು ಓದು. ಆಡಿನ ಮಾತು ಬಂದಲ್ಲಿ ಅವ್ವ ನಗುತ್ತಾಳೆ, ನಗಲಿ, ನಕ್ಕಾದ ಮೇಲೆ ಮುಂದೆ ಓದು. ಪೂರ್ತಿ ಆದ ಮೇಲೆ ಮಾಸ್ತರಿಗೆ ಫೋನ್ ಮಾಡು. ಹದಿಮೂರರ ಮಗ್ಗಿ ಒಪ್ಪಿಸುವುದು ಬಾಕಿ ಇದೆಯಲ್ಲ.