ಹನ್ನೆರಡು ಮಾತ್ರೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಕೆದಕುವುದಿಲ್ಲ. ಔಷಧದಂಗಡಿಯ ಸಾಲಿನಲ್ಲಿ ಅಷ್ಟು ಜನರನ್ನು ನಿಲ್ಲಿಸಿಕೊಂಡು ವೈದ್ಯರಿಗೆ ಫೋನ್ ಮಾಡುತ್ತಾ ಕುಳಿತರೆ ಮಾಲೀಕರು ಬೈಯದೆ ಇರುತ್ತಾರೆಯೇ ಎಂದೆನಲ್ಲ, ಆ ಮಾತನ್ನು ಆಡುವ ಯೋಗ್ಯತೆ ಬೇರೆ ಯಾರಿಗಾದರೂ ಇರಬಹುದು, ನನಗಿಲ್ಲ. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ನಿನಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿಯಿದೆ. ನೀನಾಗ ಎರಡನೆಯ ತರಗತಿ. ಮಗುವಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಎಂದು ಶಾಲೆಯಿಂದ ಫೋನ್ ಬಂದಿತ್ತು. ನಾನಿದ್ದ ಔಷಧದ ಕೌಂಟರಿನಲ್ಲಿ ಒಂದೇ ಒಂದು ಚೀಟಿ ಉಳಿದಿತ್ತು. ಸಂಧಿವಾತದ ಅಜ್ಜಿಯೊಬ್ಬರಿಗೆ ಮೆಥೊಟ್ರೆಕ್ಸೇಟ್, 2.5 ಮಿಲಿಗ್ರಾಂನ ಮೂರು ಮಾತ್ರೆ ವಾರಕ್ಕೊಮ್ಮೆ, ನಾಲ್ಕು ವಾರಕ್ಕೆ. ಹನ್ನೆರಡು ಮಾತ್ರೆ ಎಣಿಸಿ ಲಕೋಟೆಗೆ ಹಾಕಿದೆ. ಮೇಲೆ ಬರೆದದ್ದು ಮಾತ್ರ ‘ದಿನಕ್ಕೊಮ್ಮೆ ಮೂರು’. ಬೆಳಗಿನಿಂದ ‘ದಿನಕ್ಕೊಮ್ಮೆ’ ಎಂದೇ ಬರೆಯುತ್ತಿದ್ದ ಕೈ, ತಾನಾಗಿಯೇ ಬರೆದುಬಿಟ್ಟಿತು.

ಐದನೆಯ ದಿನ ಅಜ್ಜಿಯ ಮಗ ಬಂದರು. “ಮಾತ್ರೆ ಮುಗಿಯಿತು, ಇನ್ನಷ್ಟು ಕೊಡಿ. ಬಾಯಿಹುಣ್ಣಿಗೂ ಏನಾದರೂ ಇದ್ದರೆ ಕೊಡಿ” ಎಂದರು. ಮುಲಾಮಿನ ಟ್ಯೂಬ್ ಕೈಗೆತ್ತಿಕೊಂಡಾಗಿತ್ತು. ಯಾವ ಮಾತ್ರೆ ಎಂದು ಕೇಳಿದೆ. ಖಾಲಿ ಲಕೋಟೆಯನ್ನು ಮುಂದಿಟ್ಟರು. ನನ್ನದೇ ಅಕ್ಷರ.

ವಾರಕ್ಕೊಮ್ಮೆ ತೆಗೆದುಕೊಂಡರೆ ಕೀಲುಗಳ ಉರಿಯೂತ ತಗ್ಗಿಸುವ ಔಷಧ, ದಿನವೂ ನುಂಗಿದರೆ ಅಸ್ಥಿಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು, ಬಾಯಿಹುಣ್ಣು ಅದರ ಮುನ್ಸೂಚನೆ ಎಂದು ನಿನಗೆ ನಾನು ಹೇಳಬೇಕಿಲ್ಲ. ವೈದ್ಯರಿಗೆ ಫೋನ್ ಮಾಡಿ ತಪ್ಪು ನನ್ನದು ಎಂದೆ, ಮಗನಿಗೂ ಹೇಳಿದೆ. ಆಸ್ಪತ್ರೆಯಲ್ಲಿ ಅದಕ್ಕೆ ಪ್ರತ್ಯೌಷಧವಾಗಿ ಫೋಲಿನಿಕ್ ಆಮ್ಲ ಕೊಟ್ಟರು. ಬಿಳಿ ರಕ್ತಕಣಗಳು ಮೇಲೇರಲು ಎರಡು ವಾರ ಹಿಡಿಯಿತು. ಅಜ್ಜಿ ಬದುಕಿದರು.

ಎಣಿಕೆ ಸರಿಯಿತ್ತು, ಬರಹ ತಪ್ಪಿತ್ತು. ಹನ್ನೆರಡನ್ನು ಮೂರರಿಂದ ಭಾಗಿಸಿದ್ದರೆ ನಾಲ್ಕೇ ದಿನಕ್ಕೆ ಮುಗಿಯುತ್ತದೆ ಎಂದು ಅಲ್ಲೇ ತಿಳಿಯುತ್ತಿತ್ತು. ಆಗ ನೀನು ಕಲಿಯುತ್ತಿದ್ದ ಲೆಕ್ಕ ಅದು. ಇನ್ನೊಂದು ಯೋಚನೆ ಇವತ್ತಿಗೂ ಬಿಟ್ಟಿಲ್ಲ: ಮೂರು ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೇ ಕೊಟ್ಟಿದ್ದರೆ ಆ ಮಗ ಐದನೆಯ ದಿನ ಬರುತ್ತಲೇ ಇರಲಿಲ್ಲ. ನಾನು ಆ ಒಂದು ಪ್ರಶ್ನೆ ಕೇಳದೆ ಮುಲಾಮು ಕೊಟ್ಟು ಕಳಿಸಿದ್ದರೆ? ನಿನ್ನಿಂದಾಗಿ ಹೀಗಾಯಿತು ಎಂದು ಮಾತ್ರ ತಿಳಿಯಬೇಡ. ಹಾಗೆ ತಿಳಿದೀಯೆಂದೇ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಜ್ವರ ನಿನ್ನದು, ಅವಸರ ನನ್ನದು.

ಅದಕ್ಕೇ ಹೇಳುತ್ತೇನೆ, ವಾರದ ಔಷಧವಾದರೆ ‘ಸೋಮವಾರ ಮಾತ್ರ’ ಎಂದು ದಿನದ ಹೆಸರನ್ನೇ ಬರೆ. ದಶಮಾಂಶ ಬಿಂದುವಿನ ಎಡಕ್ಕೆ ಸೊನ್ನೆ ಬರೆಯಲು ಮರೆಯಬೇಡ, .5 ಎನ್ನುವುದು 5 ಆಗಿಬಿಡುತ್ತದೆ. ಬಲಕ್ಕೆ ಸುಮ್ಮನೆ ಸೊನ್ನೆ ಸೇರಿಸಬೇಡ, 5.0 ಎನ್ನುವುದನ್ನು ಯಾರೋ 50 ಎಂದು ಓದುತ್ತಾರೆ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುವವರು ಮೆಟ್ರೊನಿಡಜೋಲ್ ಚೀಟಿ ತಂದರೆ, ಎರಡೂ ಸೇರಿ ರಕ್ತಸ್ರಾವವಾದೀತು, ಕೊಡುವ ಮೊದಲು ಫೋನ್ ಎತ್ತು. ಹೆಸರು ಒಂದೇ ತರಹ ಕೇಳಿಸುವ ಔಷಧಗಳನ್ನು ಅಕ್ಕಪಕ್ಕ ಇಡಬೇಡ. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸು. ನೋಡು, ಪಾಠ ಶುರುವಾಯಿತು! ನಿಮ್ಮ ಕಂಪ್ಯೂಟರ್ ಇದನ್ನೆಲ್ಲ ಎಚ್ಚರಿಸುತ್ತದೆ ಎನ್ನುತ್ತೀ. ದಿನವಿಡೀ ಎಚ್ಚರಿಸುತ್ತಲೇ ಇದ್ದರೆ ಕಣ್ಣು ಅದನ್ನೂ ದಾಟಿಕೊಂಡು ಹೋಗುತ್ತದೆ, ನನ್ನ ಕೈ ಹೋದ ಹಾಗೆ.

ಮಗುವಿನ ತೂಕ ಕೇಳಿ, ಹೃದಯದ ಔಷಧ ಡಿಗಾಕ್ಸಿನ್ ಪ್ರಮಾಣ ಲೆಕ್ಕ ಹಾಕಿ, ಹತ್ತುಪಟ್ಟು ಹೆಚ್ಚಿದೆ, ಕೊಡಲಾರೆ ಎಂದು ಎಲ್ಲರೆದುರು ಬೈಸಿಕೊಳ್ಳುತ್ತಾ ಅರ್ಧ ಗಂಟೆ ನಿಂತವಳು ನೀನು. ನನಗೆ ಅರ್ಧ ನಿಮಿಷ ನಿಲ್ಲಲಾಗಿರಲಿಲ್ಲ. ಅಂಥವಳಿಗೆ ಹೊಂದಿಕೊಂಡು ಹೋಗು ಎಂದೆನಲ್ಲ, ತಪ್ಪಾಯಿತು. ಆ ಕೆಲಸ ಬಿಡುವುದೋ ಇರುವುದೋ ನಿನಗೆ ಸೇರಿದ್ದು. ಬಿಟ್ಟರೆ ಮುಂದೇನು ಎಂಬ ಚಿಂತೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಊಟ ತಪ್ಪಿಸಬೇಡ, ಇಡೀ ದಿನ ನಿಂತೇ ಇರಬೇಡ.

ಆ ವೈದ್ಯರು ಕೊನೆಗೆ ಫೋನಿಗೆ ಸಿಕ್ಕರೇ? ಎಷ್ಟು ಕೊಡಲು ಹೇಳಿದರು? ಮಗು ಹೇಗಿದೆ? ನಿನ್ನೆ ಅಷ್ಟು ಹೊತ್ತು ಮಾತನಾಡಿದರೂ ಅದನ್ನು ನಾನು ಕೇಳಲೇ ಇಲ್ಲ.

ನಿನ್ನ
ಅಮ್ಮ