ಪ್ಯಾಸೇಜು ಅರ್ಥವಾಗದೆಯೂ ಪೂರ್ತಿ ಅಂಕ ಬರುತ್ತದೆ

ಮಾನ್ಯರೆ,

ಮಕ್ಕಳ ಇಂಗ್ಲಿಷ್ ಓದಿನ ಬಗ್ಗೆ ಪೋಷಕರೊಬ್ಬರು ಇದೇ ಅಂಕಣಕ್ಕೆ ಬರೆದಿದ್ದ ಪತ್ರ ಓದಿದೆ. ದಿನಕ್ಕೊಂದು ಕಾಂಪ್ರಹೆನ್ಷನ್ ಪ್ಯಾಸೇಜು, ಜೊತೆಗೆ ಹತ್ತು ಹೊಸ ಪದ. ಇಷ್ಟು ಬಿಡದೆ ಮಾಡಿಸಿದರೆ ಮಕ್ಕಳ ಇಂಗ್ಲಿಷ್ ತಾನಾಗಿಯೇ ಸುಧಾರಿಸುತ್ತದೆ ಎಂಬುದು ಅವರ ಸಲಹೆ. ಅವರ ಕಾಳಜಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಶಾಲಾ ಮಕ್ಕಳ ವರ್ಕ್‌ಬುಕ್ಕು, ಗೈಡುಗಳ ಪ್ರೂಫ್ ನೋಡುವುದು ನನ್ನ ಕೆಲಸ. ಅಂಥ ಪ್ಯಾಸೇಜುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಎರಡು ಮಾತು ಹೇಳಬೇಕೆನಿಸಿತು. ಎರಡಕ್ಕೇ ನಿಲ್ಲಲಿಕ್ಕಿಲ್ಲ, ಸಹಿಸಿಕೊಳ್ಳಿ.

ಮೊದಲು ಇದನ್ನು ಓದಿ.

"ಗುಂಬಳನು ಹಳೆಯ ಝಕ್ಕೆಯ ಹಿಂದೆ ಮೂರು ಟಿಂಬಿಗಳನ್ನು ಪೊಳಚಿದನು. ಟಿಂಬಿಗಳು ಟೊಬ್ಬಾಗಿದ್ದರಿಂದ ಅವನ ಮಿಟ್ಟು ಕ್ರಟಿಸಿತು."

ಈಗ ಪ್ರಶ್ನೆಗಳು. ಗುಂಬಳನು ಎಷ್ಟು ಟಿಂಬಿಗಳನ್ನು ಪೊಳಚಿದನು? ಎಲ್ಲಿ ಪೊಳಚಿದನು? ಅವನ ಮಿಟ್ಟು ಕ್ರಟಿಸಲು ಕಾರಣವೇನು?

ಮೂರಕ್ಕೂ ಉತ್ತರ ಬಂತು ಅಲ್ವಾ? ಪೂರ್ತಿ ಅಂಕ ಕೊಡದೆ ವಿಧಿಯಿಲ್ಲ. ಟಿಂಬಿ ಅಂದರೆ ತಿನ್ನುವುದೋ ಉಡುವುದೋ ನಿಮಗೂ ಗೊತ್ತಿಲ್ಲ, ಬರೆದ ನನಗೂ ಗೊತ್ತಿಲ್ಲ. ನನ್ನ ಮೇಜಿಗೆ ಬರುವ ವರ್ಕ್‌ಬುಕ್ಕುಗಳಲ್ಲಿ ಬಹುಪಾಲು ಪ್ರಶ್ನೆಗಳು ಇದೇ ಜಾತಿಯವು. ಪ್ರಶ್ನೆಯಲ್ಲಿರುವ ಒಂದು ಪದ ಹಿಡಿದುಕೊಂಡು, ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಬೆರಳಾಡಿಸಿ, ಆ ಸಾಲನ್ನು ಹಾಗೇ ಇಳಿಸಿದರೆ ಮುಗಿಯಿತು. ಸ್ವಲ್ಪ ಜಾಣ ಮಕ್ಕಳು ಯಾವುದಕ್ಕೂ ಇರಲಿ ಅಂತ ಹಿಂದಿನ ಸಾಲು, ಮುಂದಿನ ಸಾಲನ್ನೂ ಸೇರಿಸಿ ಬರೆಯುತ್ತಾರೆ. ದಿನಕ್ಕೊಂದು ಪ್ಯಾಸೇಜು ಮಾಡಿಸಿದರೆ ಮಗು ಈ ವಿದ್ಯೆಯಲ್ಲಿ ಖಂಡಿತ ಪಳಗುತ್ತದೆ. ಅದನ್ನು ಓದು ಅಂತ ಹೇಗೆ ಕರೆಯುವುದು?

ನಾಲ್ಕು ಆಯ್ಕೆ ಕೊಟ್ಟು ಸರಿಯಾದುದಕ್ಕೆ ಗುರುತು ಹಾಕಿಸುವ ಪ್ರಶ್ನೆಗಳದ್ದು ಇನ್ನೊಂದು ಕಥೆ. ಮರಗಳನ್ನು ಯಾಕೆ ಉಳಿಸಬೇಕು? ಅವು ಹಸಿರಾಗಿವೆ. ಅವು ಎತ್ತರವಾಗಿವೆ. ಅವು ನೆರಳು ಕೊಡುವುದಲ್ಲದೆ ಮಣ್ಣಿನ ಸವಕಳಿಯನ್ನೂ ತಡೆಯುತ್ತವೆ. ಯಾವುದೂ ಅಲ್ಲ. ಇದಕ್ಕೆ ಪ್ಯಾಸೇಜು ಯಾರಿಗೆ ಬೇಕು? ಎಲ್ಲಕ್ಕಿಂತ ಉದ್ದದ ಆಯ್ಕೆಗೆ ಗುರುತು ಹಾಕಿದರೆ ಸಾಕು. ಎಷ್ಟೋ ಸಲ ನಾನು ಉತ್ತರಸೂಚಿಯನ್ನು ತಾಳೆ ನೋಡುವಾಗ ಪ್ಯಾಸೇಜಿನ ಕಡೆ ತಿರುಗಿಯೇ ನೋಡಬೇಕಾಗುವುದಿಲ್ಲ. ಪುಸ್ತಕ ಮಾಡುವವರದ್ದು ಕೆಟ್ಟ ಉದ್ದೇಶ ಅಂತ ನಾನು ಹೇಳುತ್ತಿಲ್ಲ. ಪುಟ ತುಂಬಬೇಕು, ಪುಟ ಮೀರಬಾರದು. ಐದು ಪ್ರಶ್ನೆ ಇರಬೇಕು. ತಿದ್ದುವವರಿಗೆ ಸುಲಭವಾಗಬೇಕು. ಈ ಬಿಗಿಯಲ್ಲಿ ಹುಟ್ಟುವ ಪ್ರಶ್ನೆಗಳು ಹೀಗೇ ಇರುತ್ತವೆ.

ನಮ್ಮ ಮನೆಯಲ್ಲೇ ಇರುವ ತಂಗಿಯ ಮಗ ಏಳನೇ ಕ್ಲಾಸು. ತಿಮಿಂಗಿಲದ ಮೇಲಿನ ಒಂದು ಪ್ಯಾಸೇಜು ಮಾಡಿಕೊಂಡು ತಂದು ತೋರಿಸಿದ. ಅದರಲ್ಲಿ ಹೀಗೊಂದು ಸಾಲು: "ದಿ ವೇಲ್ಸ್ ಮೂವ್ಡ್ ಅವೇ ಫ್ರಮ್ ದಿ ಶಿಪ್ಸ್ ಬಿಕಾಸ್ ದೇ ವರ್ ಟೂ ನಾಯ್ಸಿ." ತಿಮಿಂಗಿಲಗಳು ಯಾಕೆ ದೂರ ಹೋದವು ಎಂಬುದು ಪ್ರಶ್ನೆ. "ಬಿಕಾಸ್ ದೇ ವರ್ ಟೂ ನಾಯ್ಸಿ" ಅಂತ ದುಂಡಗೆ ಬರೆದಿದ್ದ. ಸರಿ ಉತ್ತರ. ಸುಮ್ನೆ ಕೇಳಿದೆ, "ಗದ್ದಲ ಮಾಡಿದ್ದು ಯಾರೋ?" ಅವನು ಯೋಚನೆಯನ್ನೇ ಮಾಡದೆ "ತಿಮಿಂಗಿಲ, ದೊಡ್ಡಮ್ಮ" ಅಂದ. ಗದ್ದಲ ಮಾಡುವವರು ತಾವೇ ಯಾಕೆ ಓಡಿಹೋಗುತ್ತಾರೆ ಅಂದದ್ದಕ್ಕೆ, "ಪುಸ್ತಕದಲ್ಲಿ ಹಾಗೇ ಇದೆ" ಎಂಬ ಉತ್ತರ ಬಂತು. ಪುಸ್ತಕದಲ್ಲೇನೋ ಇದೆ. ಅವನ ತಲೆಯಲ್ಲಿ ಇರಲಿಲ್ಲ.

ಆಮೇಲೆ ತಿಮಿಂಗಿಲದ ಬಗ್ಗೆ ಮಕ್ಕಳಿಗೆಂದೇ ಬರೆದ ಸಣ್ಣ ಸಣ್ಣ ಬರಹಗಳನ್ನು ಹುಡುಕಿ ಕೊಟ್ಟೆ. ಎಲ್ಲ ಇಂಗ್ಲಿಷಿನವೇ, ಎಲ್ಲ ಸುಲಭದವೇ. ತಿಮಿಂಗಿಲ ಮೀನಲ್ಲ, ಉಸಿರಾಡಲು ಮೇಲಕ್ಕೆ ಬರಲೇಬೇಕು, ಸಮುದ್ರದೊಳಗೆ ಶಬ್ದದಿಂದಲೇ ಒಂದನ್ನೊಂದು ಕೂಗಿಕೊಳ್ಳುತ್ತವೆ, ಹಡಗಿನ ಸದ್ದು ಅದಕ್ಕೆ ಅಡ್ಡಿ. ಇಷ್ಟು ತಿಳಿದ ಮೇಲೆ ಅದೇ ಹಳೆಯ ಸಾಲು ತೋರಿಸಿದೆ. ಈ ಸಲ ಗದ್ದಲದ್ದು ಹಡಗು ಅಂತ ಅವನೇ ಹೇಳಿದ. ವ್ಯಾಕರಣ ಯಾರೂ ಹೇಳಿಕೊಟ್ಟಿರಲಿಲ್ಲ. ವಿಷಯ ಗೊತ್ತಾಗಿತ್ತು, ಅಷ್ಟೇ.

ಇದು ನಾನು ಕಂಡುಹಿಡಿದದ್ದೇನಲ್ಲ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವರ್ಣನೆ ಓದಿಸಿ ನೋಡಿದರು. ಓದುವುದರಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಜಾಸ್ತಿ ಅರ್ಥ ಮಾಡಿಕೊಂಡಿದ್ದರು. ಅದಕ್ಕೂ ಮೊದಲು, 1986ರಲ್ಲಿ, ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿನ ಗ್ರಹಿಕೆಯನ್ನು ಒಂದು ಗುಣಾಕಾರದ ಲೆಕ್ಕವಾಗಿ ಬರೆದಿದ್ದರು. ಅಕ್ಷರ ನೋಡಿ ಪದ ಹೇಳುವ ಶಕ್ತಿ ಒಂದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಬೇಕು. ಯಾವುದು ಸೊನ್ನೆಯಾದರೂ ಬರುವುದು ಸೊನ್ನೆಯೇ. ಎಡವದೆ ಗಟ್ಟಿಯಾಗಿ ಓದುವ ಮಗುವನ್ನು ನೋಡಿ "ಎಷ್ಟು ಚೆನ್ನಾಗಿ ಓದುತ್ತಾನೆ" ಎಂದು ಹಿಗ್ಗುವ ಅಪ್ಪ ಅಮ್ಮಂದಿರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ವರ್ಕ್‌ಬುಕ್ಕು ಮಾಡುವುದು ಇದಕ್ಕೆ ತದ್ವಿರುದ್ಧ. ಮೊದಲ ಪುಟದಲ್ಲಿ ಪೆಂಗ್ವಿನ್. ಮುಂದಿನದರಲ್ಲಿ ಪ್ರಾಮಾಣಿಕ ಮರಕಡಿಯುವವನು. ಅದರ ಮುಂದೆ ವಿದ್ಯುತ್ ದೀಪ. ಮಗು ಒಂದು ವಿಷಯದೊಳಗೆ ಇಳಿಯುವ ಮೊದಲೇ ಎಳೆದು ಇನ್ನೊಂದಕ್ಕೆ ಹಾಕುತ್ತಾರೆ. ಹಾಗೆ ಮಾಡುವ ಬದಲು ಕೆಲವು ವಾರ ಒಂದೇ ವಿಷಯದಲ್ಲಿ ಇರಗೊಡಿ. ಜ್ವಾಲಾಮುಖಿಯೋ, ಇರುವೆಯೋ, ರೈಲೋ, ಮಗು ಕೇಳಿದ್ದು. ಪದಗಳು ಆಗ ಕರೆಯದೆಯೇ ಬರುತ್ತವೆ. ತಿಮಿಂಗಿಲದ ಬಗ್ಗೆ ಏನೇ ಓದಿದರೂ ಬ್ರೀದ್, ಸರ್ಫೇಸ್, ಡೆಪ್ತ್ ಎಂಬ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಯಾರೂ ಉರು ಹೊಡೆಸಬೇಕಿಲ್ಲ.

ಇನ್ನು ಆ ಹತ್ತು ಪದಗಳ ವಿಷಯ. ದಿನಕ್ಕೆ ಹತ್ತು ಅಂದರೆ ವರ್ಷಕ್ಕೆ 3650. ಕಾಗದದ ಮೇಲೆ ಭರ್ಜರಿ ಲೆಕ್ಕ. ಹೋದ ತಿಂಗಳು ಬರೆಸಿದ ಪದಗಳನ್ನು ಈ ತಿಂಗಳು ಕೇಳಿ ನೋಡಿ, ಗೊತ್ತಾಗುತ್ತದೆ. ಪಟ್ಟಿಯಲ್ಲಿ ಇರುವುದಾದರೂ ಎಂಥ ಪದಗಳು? ನೋಡಿದರೆ ಬೆದರುವಂಥವು, ಮಗು ಓದುವ ಯಾವ ಪುಸ್ತಕದಲ್ಲೂ ಸಿಗದಂಥವು. ಅರ್ಥ ಕೆಡಿಸುವ ಪುಟ್ಟ ಪದಗಳು ಪಟ್ಟಿಯಲ್ಲಿ ಇರುವುದೇ ಇಲ್ಲ. ಅನ್‌ಲೆಸ್, ಆಲ್ದೋ, ಇನ್‌ಸ್ಟೆಡ್, ಹಾರ್ಡ್ಲಿ. "ಹಿ ಹಾರ್ಡ್ಲಿ ವರ್ಕ್ಡ್" ಎಂದರೆ ಕಷ್ಟಪಟ್ಟು ಕೆಲಸ ಮಾಡಿದ ಅಂತಲೇ ಹೆಚ್ಚಿನ ಮಕ್ಕಳು ತಿಳಿಯುತ್ತಾರೆ. ಅವನು ಕೆಲಸವನ್ನೇ ಮಾಡಲಿಲ್ಲ ಅನ್ನುವಷ್ಟು ಕಡಿಮೆ ಮಾಡಿದ ಅನ್ನುವುದು ಅದರ ಅರ್ಥ. ಇಡೀ ಕಥೆಯೇ ತಲೆಕೆಳಗು! ಗಿವ್, ಪುಟ್, ಲುಕ್ ಎಲ್ಲರಿಗೂ ಗೊತ್ತು. ಗಿವ್ ಅಪ್, ಪುಟ್ ಆಫ್, ಲುಕ್ ಆಫ್ಟರ್ ಬಂದರೆ ಗಾಡಿ ನಿಲ್ಲುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಅಂದರೆ ಸಾಕು, ಯಾರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಕೇಮ್'. ಹಿ, ಶಿ, ಇಟ್, ದೇ ಅಂದರೆ ಯಾರು ಎಂದು ಹಿಂದಿನ ಸಾಲುಗಳಲ್ಲಿ ಹುಡುಕಿಕೊಂಡು ಹೋಗಬೇಕು. ಓದುವಾಗ ಪೆನ್ಸಿಲ್ ಹಿಡಿದು, ಪ್ರತಿ 'ಇಟ್' ಮತ್ತು 'ದೇ'ಯಿಂದ ಅದು ಸೂಚಿಸುವ ಹೆಸರಿಗೆ ಒಂದು ಗೆರೆ ಎಳೆಯಲು ಹೇಳಿ. ಮಗು ಎಲ್ಲಿ ದಾರಿ ತಪ್ಪಿದೆ ಅನ್ನುವುದು ಎರಡೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಯಾವ ವರ್ಕ್‌ಬುಕ್ಕೂ ಇದನ್ನು ಮಾಡಿಸುವುದನ್ನು ನಾನು ನೋಡಿಲ್ಲ.

ಪದದ ಪಕ್ಕದಲ್ಲಿ ಒಂದೇ ಒಂದು ಮೀನಿಂಗ್ ಬರೆಸುವ ಅಭ್ಯಾಸವೂ ಅಪಾಯದ್ದೇ. ದೋಣಿಯೊಂದು ಸಮುದ್ರದ ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗುವ ಕಥೆಯ ಕೊನೆಗೆ 'ಕರೆಂಟ್: ವಿದ್ಯುತ್' ಅಂತ ಅಚ್ಚಿಗೆ ಬಂದಿದ್ದನ್ನು ನಾನೇ ಹೊಡೆದು ಹಾಕಿದ್ದೇನೆ. ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಾದರೆ ಪದ ಸಿಕ್ಕಿದ ಆ ಇಡೀ ವಾಕ್ಯವನ್ನು ಬರೆದುಕೊಳ್ಳಲಿ. ದಿನಕ್ಕೆ ಎರಡು ಮೂರು ಸಾಕು, ಆದರೆ ಮಾರನೇ ದಿನ, ಮುಂದಿನ ವಾರ, ಮುಂದಿನ ತಿಂಗಳು ಅವನ್ನೇ ತಿರುಗಿ ನೋಡಬೇಕು.

ಪುಸ್ತಕ ಎಷ್ಟು ಕಷ್ಟದ್ದಿರಬೇಕು? ಇಲ್ಲೂ ಪೋಷಕರಿಗೆ ಅವಸರ. ಪಕ್ಕದ ಮನೆಯ ಮಗು ದಪ್ಪ ಪುಸ್ತಕ ಹಿಡಿದರೆ ನಮ್ಮದಕ್ಕೂ ಅದೇ ಆಗಬೇಕು. ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಪರೀಕ್ಷಿಸಿ ಹೇಳಿದ್ದು, ಯಾರ ನೆರವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ನೂರರಲ್ಲಿ ಸುಮಾರು 98 ಪದಗಳು ಗೊತ್ತಿರಬೇಕು ಅಂತ. ಅಂದರೆ 250 ಪದಗಳ ಒಂದು ಪುಟದಲ್ಲಿ ಗೊತ್ತಿಲ್ಲದ್ದು ಐದು. ಮಗು ಓದುತ್ತಾ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸಲಿ. ಪುಟ ಮುಗಿಯುವ ಮೊದಲೇ ಒಂದು ಕೈಯ ಬೆರಳೆಲ್ಲ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ, ಅಥವಾ ದೊಡ್ಡವರು ಜೊತೆಯಲ್ಲಿ ಕೂತು ಓದಿಕೊಡಬೇಕು. ಸುಲಭದ ಪುಸ್ತಕ ಓದುವುದು ನಾಚಿಕೆಯ ವಿಷಯವಲ್ಲ. ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಕಂಡದ್ದೂ ಇದನ್ನೇ. ಮಕ್ಕಳ ಇಂಗ್ಲಿಷ್ ಪಾಠಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಆತ ಹೊಸ ಪದಗಳನ್ನು ಕಡಿಮೆ ಮಾಡಿ, ಬಂದ ಪದ ಮತ್ತೆ ಮತ್ತೆ ಬರುವಂತೆ ಪಾಠಗಳನ್ನು ಬರೆದ. 1953ರಲ್ಲಿ ಆತ ಪ್ರಕಟಿಸಿದ ಬಳಕೆಯ ಪದಗಳ ಪಟ್ಟಿಯಲ್ಲಿ ಇದ್ದದ್ದು ಸುಮಾರು 2000. ಮೊದಲು ಅಂಥವು ಗಟ್ಟಿಯಾಗಲಿ.

ಹಾಗಾದರೆ ಪ್ರಶ್ನೆಯೇ ಬೇಡವೇ? ಬೇಕು. ಆದರೆ ಪುಸ್ತಕ ಮುಚ್ಚಿದ ಮೇಲೆ. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಲಿ, ಬೇಕಾದರೆ ಕನ್ನಡದಲ್ಲೇ ಹೇಳಲಿ. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಹಾಳಾಗುತ್ತದೆ ಎಂಬ ಭಯ ಬಿಡಿ. ಸಾಲು ನೋಡಿ ಇಳಿಸುವ ಆಟ ಅಲ್ಲಿ ನಡೆಯುವುದಿಲ್ಲ. ಅರ್ಥವಾಗಿದ್ದರೆ ಮಾತು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇಂಗ್ಲಿಷಿನಲ್ಲಿ ಹೇಳುವುದನ್ನು ಆಮೇಲೆ ರೂಢಿಸಬಹುದು. ನೆನಪಿಗೂ ಇದೇ ಒಳ್ಳೆಯದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಕೆಲವರಿಗೆ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಪ್ರಶ್ನೆಗಳನ್ನು ಮಗುವೇ ಮಾಡಲಿ ಎಂದೂ ಹೇಳುತ್ತೇನೆ. ನಮ್ಮ ಹುಡುಗನಿಗೆ ನನ್ನನ್ನು ಪ್ರಶ್ನೆ ಕೇಳಿ ಸೋಲಿಸುವುದೆಂದರೆ ಎಲ್ಲಿಲ್ಲದ ಉಮೇದು. ಸೋಲಿಸುವಂಥ ಪ್ರಶ್ನೆ ಮಾಡಬೇಕಾದರೆ ಎರಡು ಸಲ ಓದಲೇಬೇಕಲ್ಲ!

ಪರೀಕ್ಷೆಗೆ ಪ್ಯಾಸೇಜು ಬಂದೇ ಬರುತ್ತದೆ, ಅದರ ರೂಢಿ ಬೇಡವೇ ಅಂತ ಕೇಳುವವರಿದ್ದಾರೆ. ವಾರಕ್ಕೊಂದು ಮಾಡಿಸಿ, ಸಾಕು. ಗಡಿಯಾರ ಇಟ್ಟುಕೊಂಡು ಬರೆಯುವುದೂ ಒಂದು ಕೌಶಲವೇ. ಉಳಿದ ದಿನ ಓದು.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಮನವಿ. ವಿದ್ಯಾರ್ಥಿಗಳ ಪುಟದಲ್ಲಿ ನೀವು ಹಾಕುವ ಇಂಗ್ಲಿಷ್ ಪ್ಯಾಸೇಜೂ ಈ ವರ್ಕ್‌ಬುಕ್ಕುಗಳ ಅಚ್ಚಿನಲ್ಲೇ ಇದೆ. ಒಂದು ತಿಂಗಳ ಮಟ್ಟಿಗೆ ಬದಲಿಸಿ ನೋಡಿ. ಒಂದೇ ವಿಷಯ ಇಟ್ಟುಕೊಂಡು, ವಾರಕ್ಕೊಂದು ಕಂತಿನಂತೆ ನಾಲ್ಕು ಕಂತು ಸುಲಭದ ಇಂಗ್ಲಿಷಿನಲ್ಲಿ ಬರೆಸಿ. ಮೊದಲ ಕಂತಿನ ಪದಗಳು ಮುಂದಿನ ಕಂತುಗಳಲ್ಲೂ ಬರಲಿ. ಐದು ಪ್ರಶ್ನೆಯ ಬದಲು ಒಂದೇ ಕೇಳಿ, ಸಾಲು ಇಳಿಸಿ ಉತ್ತರಿಸಲಾಗದ್ದು. ಪುಟದ ಬುಡದಲ್ಲಿ ಉತ್ತರವನ್ನು ತಲೆಕೆಳಗಾಗಿ ಅಚ್ಚು ಹಾಕುವ ಬದಲು, ಮಕ್ಕಳು ಕಳಿಸಿದ ಉತ್ತರಗಳಲ್ಲಿ ಎರಡನ್ನು ಮುಂದಿನ ವಾರ ಪ್ರಕಟಿಸಿ. ಅವುಗಳಲ್ಲಿ ಒಂದು ತಪ್ಪು ಉತ್ತರವಿರಲಿ, ಮಗುವಿನ ಹೆಸರು ಬೇಡ, ಆ ಮಗು ಎಲ್ಲಿ ಎಡವಿತು ಅಂತ ಎರಡು ಸಾಲಿನಲ್ಲಿ ಬಿಡಿಸಿ ಹೇಳಿ. ಪ್ರೂಫ್ ನೋಡುವವರು ಬೇಕಾದರೆ ನಾನಿದ್ದೇನೆ.

ಇಂತಿ,
ಪ್ರೂಫ್ ನೋಡುವ ಒಬ್ಬ ಓದುಗಿ
(ನನಗೆ ಕೆಲಸ ಕೊಡುವವರೂ ನಿಮ್ಮ ಪತ್ರಿಕೆ ಓದುತ್ತಾರೆ. ದಯವಿಟ್ಟು ಹೆಸರು ಹಾಕಬೇಡಿ.)